ಗಾಂಧಾರಿ ಮನೆಯ ಗುರುತು

ಸತ್ತವರಿಗೆ ಓದು ಬರುವುದಿಲ್ಲ, ಅವರಿಗೆ ದಾರಿಯನ್ನು ಬಾಯಲ್ಲೇ ಹೇಳಬೇಕು ಎಂದು ಸರೋಜಳ ಅತ್ತೆ ಹೇಳುತ್ತಿದ್ದರು. ಬದುಕಿದ್ದಾಗ ಎಷ್ಟು ಪರೀಕ್ಷೆ ಪಾಸು ಮಾಡಿದ್ದರೂ ಚಟ್ಟ ಏರಿದ ಮೇಲೆ ಎಲ್ಲರೂ ಒಂದೇ ಕ್ಲಾಸು. ಹಾಗಾಗಿ ಗಡಿನಾಡಿನ ಹೊಸದುರ್ಗದ ಅವರ ಮನೆತನದವರು ಮನೆ ಬದಲಿಸುವಾಗ, ಸಾಮಾನಿನ ಲಾರಿ ಹೊರಡುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ಮನೆಯ ಹಿರಿಯರೊಬ್ಬರು ಹಳೆಯ ಹೊಸ್ತಿಲಿಗೆ ಬೆನ್ನು ಹಾಕಿ ನಿಂತು, ಆ ಮನೆಯಲ್ಲಿ ತೀರಿಕೊಂಡವರಿಗೆ ಹೊಸ ಮನೆಯ ದಾರಿಯನ್ನು ಗಟ್ಟಿಯಾಗಿ ಹೇಳಬೇಕು. ಇಂಥಲ್ಲಿ ತಿರುಗಿ, ಇಂಥದ್ದನ್ನು ದಾಟಿ, ಇಂಥ ಕಡೆ ನಿಲ್ಲಿ. ಹೇಳುವಾಗ ಹಿಂದೆ ನೋಡಬಾರದು. ಹೇಳಿ ಮುಗಿಸಿ ಅದೇ ದಾರಿಯಲ್ಲಿ ಮುಂದೆ ಹೊರಡಬೇಕು, ಆಗಲೂ ಹಿಂದೆ ನೋಡಬಾರದು. ಅಷ್ಟು ಮಾಡಿದರೆ ವರ್ಷಕ್ಕೊಮ್ಮೆ, ಆಟಿ ಅಮಾವಾಸ್ಯೆಯ, ಅಂದರೆ ಆಷಾಢದ ಅಮಾವಾಸ್ಯೆಯ ದಿನ, ಅವರು ಆ ದಾರಿ ಹಿಡಿದು ಬಂದು ಎಲೆಯ ಮುಂದೆ ಕುಳಿತು, ನೀರು ಕುಡಿದು ಹೋಗುತ್ತಾರೆ.

ಸರೋಜ ಹವಾಮಾನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮಳೆ ಅಳೆದವಳು. ಎಷ್ಟು ಮಿಲಿಮೀಟರು ಎಂದು ಕೇಳದೆ ಯಾವ ಮಳೆಯನ್ನೂ ನಂಬಿದವಳಲ್ಲ. ಶನಿ, ರಾಹು, ಕಣ್ಣುದೃಷ್ಟಿ ಎಂದರೆ ಎದುರಿಗೇ ನಗುತ್ತಿದ್ದಳು. ಈ ಒಂದು ವಿಷಯಕ್ಕೆ ಮಾತ್ರ ಅವಳು ನಕ್ಕಿರಲಿಲ್ಲ. ಅದಕ್ಕೆ ಕಾರಣ ಒಂದು ಲೋಟ ನೀರು.

ಹದಿನೇಳು ವರ್ಷದ ಹಿಂದೆ ಅವಳು, ಗಂಡ ಸುಬ್ರಾಯ, ಮಗಳು ನಿಶಾ ತ್ರಿಪ್ಪುಣಿತ್ತುರದ ಒಂದು ಬಾಡಿಗೆ ಮನೆಯಲ್ಲಿದ್ದರು. ಸುಬ್ರಾಯರಿಗೆ ಎರ್ನಾಕುಳಂನ ಬ್ಯಾಂಕಿನಲ್ಲಿ ಕೆಲಸ. ಜುಲೈ ತಿಂಗಳ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಸಿದರು. ಸರೋಜ ಆಸ್ಪತ್ರೆಗೆ ಫೋನು ಮಾಡಿದಳು. ಬಾಯಿಗೆ ಏನೂ ಕೊಡಬೇಡಿ, ಕೂಡಲೇ ಕರೆತನ್ನಿ ಎಂದರು. ಸುಬ್ರಾಯರು ನೀರು ಕೇಳಿದರು. ಅವಳು ಕೊಡಲಿಲ್ಲ. ಮತ್ತೆ ಕೇಳಿದರು. ಆಸ್ಪತ್ರೆಗೆ ಹೋಗಿ ಕುಡಿಯುವಿರಂತೆ ಎನ್ನುತ್ತ ನೀಲಿ ಚೌಕುಳಿಯ ಅಂಗಿ ತೊಡಿಸಿ, ಗಡಿಬಿಡಿಯಲ್ಲಿ ಒಂದು ಗುಂಡಿ ತಪ್ಪಿಸಿ ಹಾಕಿದಳು. ಆಟೋ ಗೇಟಿನ ಮುಂದೆ ಬಂದು ಹಾರ್ನ್ ಹಾಕುವಾಗ ಅವರು ಜಗಲಿಯಲ್ಲೇ ಹೋಗಿಬಿಟ್ಟಿದ್ದರು. ಮೂರನೆಯ ಸಲ ನೀರು ಕೇಳಲು ಬಾಯಿ ತೆರೆದದ್ದು ಹಾಗೆಯೇ ಇತ್ತು.

ಆಮೇಲೆ ಪ್ರತಿ ಆಟಿ ಅಮಾವಾಸ್ಯೆಗೆ ಅವಳು ಎಲೆ ಹಾಕಿ, ಪಕ್ಕದಲ್ಲಿ ಉದ್ದನೆಯ ಗಾಜಿನ ಲೋಟದಲ್ಲಿ ನೀರಿಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಿದ್ದಳು. ಅರ್ಧ ಗಂಟೆಯ ಮೇಲೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋಗಿ, ಲೋಟಕ್ಕೆ ಸ್ಕೇಲು ಹಿಡಿದು ಅಳೆಯುವಳು. ಅವಳ ಕಸುಬೇ ಅದಲ್ಲವೆ! ಮೊದಲ ವರ್ಷ ನೀರು ಹದಿನೆಂಟು ಮಿಲಿಮೀಟರು ಇಳಿದಿತ್ತು. ಮರುವರ್ಷ ಇಪ್ಪತ್ತು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೆ ಎಷ್ಟು ನೀರು ಆವಿಯಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೂ ಒಂದು ಗುರುತಿತ್ತು. ಸುಬ್ರಾಯರು ಉಣ್ಣುವಾಗ ಕರಿಬೇವಿನ ಎಲೆಗಳನ್ನು ಹೆಕ್ಕಿ ಬಾಳೆಲೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಅಮಾವಾಸ್ಯೆಯ ಎಲೆಯ ಅಂಚಿನಲ್ಲೂ ಒಂದೆರಡು ಕರಿಬೇವು ಹಾಗೆಯೇ ಕೂತಿರುತ್ತಿದ್ದವು. ವರ್ಷಕ್ಕೊಮ್ಮೆಯಾದರೂ ಅವರ ಗಂಟಲಿಗೆ ನೀರು ಇಳಿಯಿತಲ್ಲ ಎಂದು ಅವಳು ಒಬ್ಬಳೇ ಕೂತು ಅಳುತ್ತಿದ್ದಳು.

ಅವರು ತೀರಿಕೊಂಡ ಎರಡು ವರ್ಷಕ್ಕೆ ಅವಳಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಹೊರಡುವ ದಿನ ತ್ರಿಪ್ಪುಣಿತ್ತುರದ ಹೊಸ್ತಿಲಿಗೆ ಬೆನ್ನು ಹಾಕಿ ನಿಂತು ದಾರಿ ಹೇಳಿದಳು. ಇಲ್ಲಿ ಒಂದು ಮಾತು ಹೇಳಬೇಕು. ಗಂಡ ಹೆಂಡತಿ ಇಬ್ಬರಿಗೂ ಮಲಯಾಳ ಮಾತು ಸಲೀಸಾಗಿ ಬರುತ್ತಿತ್ತು, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಓದಿದ್ದು ಕನ್ನಡ ಶಾಲೆಯಲ್ಲಿ. ಬಸ್ಸಿನ ಬೋರ್ಡು ಓದಲು ಬಾರದವರಿಗೆ ಕಟ್ಟಡಗಳೇ ಅಕ್ಷರ. ಅದಕ್ಕೇ ಊರಿನ ಕಟ್ಟಡಗಳಿಗೆ ಮನೆಯೊಳಗಿನ ಹೆಸರುಗಳನ್ನು ಇಟ್ಟುಕೊಂಡಿದ್ದರು. ಒಂದು ಪಕ್ಕಕ್ಕೆ ವಾಲಿ ನಿಂತ ಹೆಂಚಿನ ದರ್ಜಿ ಅಂಗಡಿ ಕುಡುಕನ ಅಂಗಡಿ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕಿಟಕಿ ತೆರೆಯದ ಎರಡು ಮಾಳಿಗೆಯ ದೊಡ್ಡ ಮನೆ ಗಾಂಧಾರಿ ಮನೆ. ಸಪೂರ ಚಿಮಣಿಯಿಂದ ಹೊಗೆ ಬಿಡುತ್ತಿದ್ದ ಅಕ್ಕಿ ಗಿರಣಿ ಬೀಡಿ ಮಿಲ್ಲು. ಈ ಹೆಸರುಗಳು ಲೋಕದಲ್ಲಿ ಅವರಿಬ್ಬರಿಗೆ ಮತ್ತು ನಿಶಾಳಿಗೆ ಬಿಟ್ಟು ಬೇರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

“ಇವರೇ, ಕೇಳಿ,” ಎಂದಿದ್ದಳು ಅವಳು ಅಂದು. “ಗೇಟಿನಿಂದ ಬಲಕ್ಕೆ ಬನ್ನಿ. ಕುಡುಕನ ಅಂಗಡಿ ದಾಟಿ. ಗಾಂಧಾರಿ ಮನೆ ಹತ್ರ ಎಡಕ್ಕೆ ತಿರುಗಿ. ಬೀಡಿ ಮಿಲ್ಲು ಕಂಡರೆ ಅದರ ಬೆನ್ನಿಗೇ ಸ್ಟೇಷನ್. ರೈಲು ಹತ್ತಿ ತಿರುವನಂತಪುರದಲ್ಲಿ ಇಳೀರಿ, ಸ್ಟೇಷನ್ನಿನ ಎದುರೇ ನಮ್ಮ ಮನೆ.” ಹನ್ನೊಂದು ವರ್ಷದ ನಿಶಾ ನಾಚಿಕೆಯಿಂದ ಸೂಟ್‌ಕೇಸಿನ ಹಿಂದೆ ಅಡಗಿದ್ದಳು. ಸುಬ್ರಾಯರು ಸರಿಯಾಗಿ ಕೇಳಿಸಿಕೊಂಡಿರಬೇಕು. ಆ ವರ್ಷವೇ ತಿರುವನಂತಪುರದ ಮನೆಯಲ್ಲಿ ಲೋಟದ ನೀರು ಹತ್ತೊಂಬತ್ತು ಮಿಲಿಮೀಟರು ಇಳಿದಿತ್ತು.

ಹೀಗೆ ವರ್ಷಗಳು ಕಳೆದವು. ಆಮೇಲೆ ಒಂದು ಅಮಾವಾಸ್ಯೆಯಂದು ಲೋಟ ಇಟ್ಟ ಹಾಗೆಯೇ ಇತ್ತು. ಸ್ಕೇಲು ಹಿಡಿದರೆ ಸೊನ್ನೆ. ಮರುವರ್ಷವೂ ಸೊನ್ನೆ. ಆರು ವರ್ಷ ಸೊನ್ನೆ. ಅವರಿಗೆ ಮುಕ್ತಿ ಸಿಕ್ಕಿರಬೇಕು ಎಂದು ಸರೋಜ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ಮಾತು ಹೇಳದೆ ಹೋದರಲ್ಲ ಎಂದು ಸಿಟ್ಟೂ ಬಂದಿತ್ತು, ಅದನ್ನು ಯಾರಲ್ಲಿಯೂ ಹೇಳಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಅವಳು ನಿವೃತ್ತಳಾದಳು. ಅದೇ ಹೊತ್ತಿಗೆ ತಿರುವನಂತಪುರದ ಮನೆಯನ್ನು ಕೆಡವಿ ಫ್ಲಾಟು ಕಟ್ಟುವುದೆಂದು ಮಾಲೀಕರು ತೀರ್ಮಾನಿಸಿದರು. ಆ ಊರೂ ಹಾಗೆಯೇ ಆಗಿದೆ. ಬಸ್ಸಿನವನು ಯಾವುದೋ ಥಿಯೇಟರಿನ ಹೆಸರು ಕೂಗುತ್ತಾನೆ, ಇಳಿದು ನೋಡಿದರೆ ಅಲ್ಲಿ ಚಿನ್ನದಂಗಡಿ. ಇಲ್ಲದ ಮರದ ಕೆಳಗೆ ಇಳಿದು, ಇಲ್ಲದ ಬಾವಿಯ ಮಗ್ಗುಲಿಗೆ ತಿರುಗಿ ಜನ ಮನೆಗೆ ಹೋಗುತ್ತಾರೆ. ಬದುಕಿದ್ದವರಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಸರೋಜ, ಮಗಳು ಬಾಡಿಗೆಗೆ ಹಿಡಿದಿದ್ದ, ಎರ್ನಾಕುಳಂ ಹತ್ತಿರದ ಕಾಕ್ಕನಾಡಿನ ಹದಿನಾಲ್ಕನೆಯ ಮಾಳಿಗೆಯ ಫ್ಲಾಟಿಗೆ ಪಾತ್ರೆಪಗಡೆ ಕಳಿಸಿ, ಉಳಿದ ನಾಲ್ಕು ಬಟ್ಟೆ ಕಟ್ಟುತ್ತಿರುವಾಗ ಊರಿನಿಂದ ಮೈದುನ ಕೃಷ್ಣಾನಂದನ ಫೋನು ಬಂತು. ಅಮಾವಾಸ್ಯೆಗೆ ಇನ್ನು ಎರಡೇ ದಿನ ಇತ್ತು.

“ಅತ್ತಿಗೆ, ಅಣ್ಣನಿಗೆ ದಾರಿ ಹೇಳ್ಲಿಕ್ಕುಂಟಲ್ಲ, ಮರೀಬೇಡಿ.”

“ಎಂತ ಹೇಳುದು ಕೃಷ್ಣಾನಂದ? ಅವರು ಬಾರದೆ ಆರು ವರ್ಷ ಆಯ್ತು. ನೀರು ಇಳಿಯುದೇ ಇಲ್ಲ. ಮುಕ್ತಿ ಸಿಕ್ಕಿತು ಅಂತ ನಾನು ಸುಮ್ಮನಾದೆ.”

“ಹತ್ತು ವರ್ಷ ಬಂದು ಹೋದವರು ನಡುವಲ್ಲಿ ನಿಂತರೆ ಅದು ಮುಕ್ತಿ ಅಲ್ಲ ಅತ್ತಿಗೆ. ದಾರಿ ತಪ್ಪಿದ್ದು. ನೀವು ಎಂತ ಗುರುತು ಹೇಳಿದ್ರಿ ಅವತ್ತು?”

ಸರೋಜ ಹೇಳಿದಳು. ಅಂಗಡಿ, ಮನೆ, ಮಿಲ್ಲು.

“ಅಯ್ಯೋ ದೇವರೇ, ಮನುಷ್ಯ ಕಟ್ಟಿದ್ದನ್ನು ಯಾರಾದ್ರೂ ಹೇಳ್ತಾರಾ? ಹೊಳೆ, ಗುಡ್ಡ, ಬಂಡೆ, ಅಷ್ಟೇ ಹೇಳುದು. ಅಮ್ಮ ನಿಮಗೆ ಹೇಳ್ಲಿಲ್ವಾ?”

ಅತ್ತೆ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅವರ ಕಾಲದಲ್ಲಿ ಊರಿನ ದಾರಿಗೆ ಹೊಳೆ, ಗುಡ್ಡ, ಬಂಡೆ ಬಿಟ್ಟರೆ ಬೇರೆ ಗುರುತು ಎಲ್ಲಿತ್ತು?

“ಹೇಳಿದ ಗುರುತು ಕಾಣದಿದ್ರೆ ಅವರು ಅಲ್ಲಿಯೇ ನಿಲ್ತಾರೆ,” ಎಂದ ಕೃಷ್ಣಾನಂದ. “ಬದುಕಿದ್ದವರ ಹಾಗೆ ಅಂದಾಜು ಮಾಡ್ಲಿಕ್ಕೆ ಅವರಿಗೆ ಆಗುದಿಲ್ಲ. ನೀವೀಗ ಕಾಕ್ಕನಾಡಲ್ಲಿ ಹೊಸ ಎಲೆ ಹಾಕಿದ್ರೆ ಹಳೇ ದಾರಿ ಕಡಿದುಹೋಗ್ತದೆ. ಮತ್ತೆ ಅವರು ನಿಂತಲ್ಲಿಯೇ ಬಾಕಿ. ನಿಂತ ಜಾಗ ಹುಡುಕಿ ಅಲ್ಲಿಂದಲೇ ಕರ್ಕೊಂಡು ಬನ್ನಿ ಅತ್ತಿಗೆ. ಈ ಅಮಾವಾಸ್ಯೆಗೇ.”

ಫೋನಿಟ್ಟ ಮೇಲೆ ಸರೋಜ ಬಹಳ ಹೊತ್ತು ನೆಲದ ಮೇಲೆ ಕೂತಿದ್ದಳು. ಆರು ವರ್ಷ! ತಾನು ಮುಕ್ತಿ ಎಂದು ಕೈತೊಳೆದುಕೊಂಡ ಆರು ವರ್ಷವೂ ಅವರು ಬಾಯಾರಿ ಎಲ್ಲೋ ನಡುಬೀದಿಯಲ್ಲಿ ನಿಂತಿದ್ದರೆ? ಒಂದು ಸಲ ನೀರು ಕೊಡದ್ದು ಡಾಕ್ಟರ ಮಾತಿಗೆ. ಈ ಆರು ಸಲದ್ದು ಯಾರ ತಲೆಗೆ ಕಟ್ಟುವುದು?

ಅಮಾವಾಸ್ಯೆಯ ಬೆಳಿಗ್ಗೆ ಅವಳು ರೈಲು ಹತ್ತಿದಳು. ಮಲಯಾಳಿಗಳಿಗೆ ಅದು ಕರ್ಕಿಡಕ ವಾವು, ಹಿರಿಯರಿಗೆ ಬಲಿ ಇಡುವ ದಿನ. ಬೋಗಿ ತುಂಬ ಒದ್ದೆ ಪಂಚೆ, ದರ್ಭೆ, ಎಳ್ಳು. ಎಲ್ಲರೂ ತಮ್ಮ ತಮ್ಮವರಿಗೆ ಬಲಿ ಇಟ್ಟು ಮುಗಿಸಿ ಹಗುರಾಗಿ ಮಾತಾಡುತ್ತಿದ್ದರು. ಸರೋಜ ಸಂಚಿಯಲ್ಲಿ ಒಂದು ವೀಳ್ಯದೆಲೆ, ಅಡಿಕೆ, ಒಂದು ಹಿಡಿ ಅಕ್ಕಿ ಇಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದಳು. ನಿಶಾ ಫೋನು ಮಾಡಿ, “ಅಮ್ಮೇ, ಎವಿಡೆ ಎತ್ತಿ?” ಎಂದು ಎಲ್ಲಿಗೆ ತಲುಪಿದಳೆಂದು ವಿಚಾರಿಸಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಮಲಯಾಳದಲ್ಲಿ. ಅಪ್ಪ ಹೋದ ಮೇಲೆ ಕನ್ನಡಕ್ಕೆ ಅವಳ ನಾಲಗೆ ಹೊರಳುವುದನ್ನೇ ನಿಲ್ಲಿಸಿತ್ತು. ಅಡುಗೆಗೆ ಏನೇನು ಬೇಕೆಂದು ಹೇಳಿ ಸರೋಜ ಫೋನಿಟ್ಟಳು.

ತ್ರಿಪ್ಪುಣಿತ್ತುರದಲ್ಲಿ ಇಳಿದಾಗ ಒಂಬತ್ತೂವರೆ. ಮಳೆ ಹನಿಯುತ್ತಿತ್ತು. ಹಳೆಯ ಮನೆಯ ಕಡೆಗೆ, ಅಂದರೆ ತಾನು ಹೇಳಿದ ದಾರಿಯನ್ನು ಹಿಂದುಮುಂದಾಗಿ, ನಡೆಯತೊಡಗಿದಳು. ಸ್ಟೇಷನ್ನಿನ ಮಗ್ಗುಲಲ್ಲೇ ಮೆಟ್ರೊ ನಿಲ್ದಾಣ ಎದ್ದು ನಿಂತಿತ್ತು. ಬೀಡಿ ಮಿಲ್ಲಿನ ಚಿಮಣಿ ಇರಬೇಕಾದ ಕಡೆ ಟೈಲ್ಸು ಮಾರುವ ನಾಲ್ಕು ಮಾಳಿಗೆಯ ಅಂಗಡಿ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕದ ನಿಯಮವೇ ಸರಿ, ಆದರೆ ಒಂದು ಗುಲಗಂಜಿಯಷ್ಟೂ ಗುರುತು ಉಳಿಸದೆ ಕೊಚ್ಚಿಕೊಂಡು ಹೋಗುವುದೇ? ರಸ್ತೆ ಅಗಲವಾಗಿತ್ತು, ತಿರುವು ನೇರವಾಗಿತ್ತು. ಅವಳಿಗೆ ತನ್ನ ಕಾಲನ್ನೇ ನಂಬಲಾಗಲಿಲ್ಲ. ನೋಡುತ್ತ ನೋಡುತ್ತ ಗಾಂಧಾರಿ ಮನೆಯ ಜಾಗ ದಾಟಿಯೇ ಹೋಗಿಬಿಟ್ಟಳು. ಮುಂದೆ ಕುಡುಕನ ಅಂಗಡಿ ಕಂಡಿತು.

ಅದು ಮಾತ್ರ ಇತ್ತು. ಎರಡು ಹೊಸ ಕಟ್ಟಡಗಳ ನಡುವೆ ಸಿಕ್ಕಿಕೊಂಡು, ಹಾಗೆಯೇ ವಾಲಿಕೊಂಡು, ಬಾಗಿಲಿಗೆ ಬೀಗ. ಆಚೆಗೆ ಅವರ ಬಾಡಿಗೆ ಮನೆಯಿದ್ದ ಕಡೆ ಬಿಳಿ ಬಣ್ಣದ ಫ್ಲಾಟು. ಸರೋಜ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂಗಡಿ ಇದೆ, ಗಾಂಧಾರಿ ಮನೆ ಇಲ್ಲ. ಅಂದರೆ ಅವರು ಅಂಗಡಿ ದಾಟಿರುತ್ತಾರೆ, ಎಡಕ್ಕೆ ತಿರುಗಿರುವುದಿಲ್ಲ. ಅವರು ನಿಂತಿರುವುದು ಇವೆರಡರ ನಡುವೆಯೇ.

ಅವಳು ಮೆಲ್ಲನೆ ಹಿಂದಿರುಗಿ ನಡೆದಳು. ಇನ್ನೂರು ಹೆಜ್ಜೆ. ಗಾಂಧಾರಿ ಮನೆಯಿದ್ದಲ್ಲಿ ಈಗ ವಾಹನ ನಿಲ್ಲಿಸುವ ಬಯಲು, ಸಿಮೆಂಟು ಹಾಸು, ಬಿಳಿ ಗೆರೆಗಳು, ಮೂಲೆಯಲ್ಲಿ ಒಂದು ದೀಪದ ಕಂಬ. ತಗಡಿನ ಮಾಡಿನಡಿ ಕುರ್ಚಿಯಲ್ಲಿ ಅರವತ್ತು ದಾಟಿದ ಒಬ್ಬ ಕಾವಲುಗಾರ ಕೂತಿದ್ದ. ಅಂಗಿಯ ಮೇಲಿನ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಯುತ ಎಂದು ಹೆಸರಿತ್ತು.

“ಇಲ್ಲಿ ಒಂದು ಹಳೇ ದೊಡ್ಡ ಮನೆ ಇತ್ತಲ್ಲ?” ಎಂದು ಅವಳು ಮಲಯಾಳದಲ್ಲಿ ಕೇಳಿದಳು.

“ಇದ್ದಿರಬಹುದು ಚೇಚಿ. ನಾನು ಕೆಲಸಕ್ಕೆ ಬರುವಾಗಲೇ ಇದು ಹೀಗಿತ್ತು,” ಎಂದ ಅಚ್ಯುತ, ಅವಳನ್ನು ಮಲಯಾಳದಲ್ಲಿ ಅಕ್ಕ ಎಂದು ಕರೆಯುತ್ತ. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಅವಳ ಸೀರೆಯ ಸೆರಗಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿ, ಸಮಾಧಾನವಾದವನಂತೆ ಉಸಿರು ಬಿಟ್ಟ. “ನೀವೂ ಗಾಂಧಾರಿ ಮನೆ ಕೇಳಿಕೊಂಡು ಬಂದವರಾ?”

ಸರೋಜ ಕಂಬಕ್ಕೆ ಕೈ ಕೊಟ್ಟು ನಿಂತಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

“ಮತ್ತೆ ಯಾರು ಕೇಳಿದ್ದು?”

“ಒಬ್ಬರು ಬರುತ್ತಾರೆ. ವಾವಿನ ದಿನ ಮಾತ್ರ. ಗಾಂಧಾರಿ ಮನೆ ಎಲ್ಲಿ, ಎಡಕ್ಕೆ ತಿರುಗಬೇಕು ಎಂದು ಕೇಳುತ್ತಾರೆ. ಇಲ್ಲಪ್ಪ, ಅಂಥ ಮನೆ ಇಲ್ಲ ಎಂದರೆ ಸಿಟ್ಟು ಮಾಡುವುದಿಲ್ಲ, ತಲೆಯಾಡಿಸಿ ಅಲ್ಲೇ ನಿಲ್ಲುತ್ತಾರೆ. ಸಂಜೆಯವರೆಗೂ ನಿಲ್ಲುತ್ತಾರೆ. ಮೊದಲ ಸಲ ನಾನು, ಪಾಪ ಮರೆವಿನ ಕಾಯಿಲೆ ಎಂದುಕೊಂಡೆ. ಅಂಗಿಯ ಗುಂಡಿಯೂ ಒಂದು ತಪ್ಪಿಸಿ ಹಾಕಿದ್ದರು, ನೀಲಿ ಚೌಕುಳಿಯ ಅಂಗಿ. ಆಮೇಲೆ ನೋಡುತ್ತೇನೆ, ಜಡಿಮಳೆ ಹೊಡೆಯುತ್ತಿದೆ, ಅವರ ಅಂಗಿ ಒದ್ದೆಯಾಗಿಲ್ಲ.”

ಸರೋಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಗುಂಡಿಯ ವಿಷಯ ಅವಳಿಗೂ ಅವಳ ಬೆರಳುಗಳಿಗೂ ಮಾತ್ರ ಗೊತ್ತಿತ್ತು.

“ಅವರೊಬ್ಬರೇ ಅಲ್ಲ ಚೇಚಿ,” ಎಂದ ಅಚ್ಯುತ ದನಿ ತಗ್ಗಿಸಿ. “ಒಬ್ಬಳು ಅಜ್ಜಿ ದೋಣಿ ಕಡವು ಕೇಳುತ್ತಾಳೆ. ಒಬ್ಬ ಗಿರಣಿಯ ಸೈರನ್ ಯಾಕೆ ಕೂಗಿಲ್ಲ ಎನ್ನುತ್ತಾನೆ. ಹಳೆಯ ಶಾಲೆ, ಅಶ್ವತ್ಥಕಟ್ಟೆ, ಯಾರದೋ ಮನೆಯ ಹಸಿರು ಗೇಟು. ಒಂದೊಂದು ವರ್ಷ ಒಂದೊಂದು ಕಟ್ಟಡ ಬೀಳುತ್ತದೆ, ಇಲ್ಲಿ ನಿಲ್ಲುವವರು ಹೆಚ್ಚುತ್ತಾರೆ. ನಾನು ಬೇರೆ ಊರಿನವನು, ಯಾರಿಗೆ ಏನು ದಾರಿ ಹೇಳಲಿ? 'ನೋಡೋಣ' ಎನ್ನುತ್ತೇನೆ, ಅಷ್ಟೇ.”

“ಇವತ್ತು ಬಂದಿದ್ದಾರಾ, ಆ ನೀಲಿ ಅಂಗಿಯವರು?”

ಅಚ್ಯುತನ ಕಣ್ಣು ಅವಳ ಭುಜದ ಆಚೆಗೆ ಹೋಗಿ ಅಲ್ಲಿ ನಿಂತಿತು. ಆಮೇಲೆ ಅವನು ತಲೆ ತಗ್ಗಿಸಿದ.

“ಚೇಚಿ ಬರುವ ಮೊದಲೇ ಬಂದಿದ್ದಾರೆ.”

ತಿರುಗಬೇಕೆಂದು ಅವಳ ಇಡೀ ಮೈ ಹಂಬಲಿಸಿತು. ಹದಿನೇಳು ವರ್ಷ! ಒಂದು ಸಲ ಕುತ್ತಿಗೆ ಹೊರಳಿಸಿದರೆ ಮುಖ ಕಾಣಬಹುದಿತ್ತು, ಆ ಗುಂಡಿಯನ್ನು ಬಿಚ್ಚಿ ಸರಿ ಮಾಡಬಹುದಿತ್ತು. ಆದರೆ ಹಿಂದೆ ನೋಡಿದರೆ ದಾರಿ ಕಡಿಯಿತು. ಅವಳು ಕಂಬವನ್ನು ಬಿಗಿಯಾಗಿ ಹಿಡಿದು, ಮುಂದಿನ ಖಾಲಿ ಬಯಲನ್ನೇ ನೋಡುತ್ತ ನಿಂತಳು.

“ಇವರೇ, ನಾನು ಬಂದಿದ್ದೇನೆ,” ಎಂದಳು ಗಟ್ಟಿಯಾಗಿ, ಕನ್ನಡದಲ್ಲಿ. “ಅವತ್ತು ನೀರು ಕೊಡ್ಲಿಲ್ಲ ನಾನು. ತಪ್ಪಾಯ್ತು. ಇನ್ನು ಗಾಂಧಾರಿ ಮನೆ ಹುಡುಕಬೇಡಿ, ಅದನ್ನು ಕೆಡವಿದ್ದಾರೆ. ಮಿಲ್ಲೂ ಇಲ್ಲ. ಕಟ್ಟಿದ್ದು ಯಾವುದನ್ನೂ ನಂಬಬೇಡಿ. ನನ್ನ ಹಿಂದೆ ಉತ್ತರಕ್ಕೆ ಬನ್ನಿ. ಒಂದು ಹೊಳೆ ಸಿಗ್ತದೆ, ದಾಟಿ. ಹೊಳೆ ದಾಟಿದ ಮೇಲೆ ಏರು, ಗುಡ್ಡ ಹತ್ತಿ. ಗುಡ್ಡದ ಮೇಲೆ ಎತ್ತರದ ಕಟ್ಟಡಗಳುಂಟು, ಅವನ್ನು ಗುರುತು ಹಿಡೀಬೇಡಿ, ನಾಳೆ ಅವೂ ಇರುದಿಲ್ಲ. ಅಲ್ಲಿ ನಿಶಾ ಬಾಗಿಲಲ್ಲಿ ನಿಂತು ಕರೀತಾಳೆ. ಅವಳ ಸ್ವರ ಹಿಡ್ಕೊಂಡು ಬನ್ನಿ. ಇವತ್ತು ಹೊಟ್ಟೆ ತುಂಬ ನೀರು ಕುಡಿಯುವಿರಂತೆ.”

ಅವಳು ಹೇಳಿ ಮುಗಿಸುವಾಗ ಅಚ್ಯುತ ಕುರ್ಚಿಯಿಂದ ಎದ್ದು, ಟೊಪ್ಪಿ ತೆಗೆದು ನಿಂತಿದ್ದ. ಅವನ ನೋಟ ಒಂದೇ ಕಡೆ ಇರಲಿಲ್ಲ. ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಅದು ಮೆಲ್ಲನೆ ಸರಿಯಿತು. ಸರೋಜ ಅದನ್ನು ಗಮನಿಸಿದಳೋ ಇಲ್ಲವೋ. ಅವಳು ಹೊರಟೇಬಿಟ್ಟಳು.

ಮುಖ್ಯರಸ್ತೆಗೆ ಬಂದಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿತು. ಎಡಗಾಲು ತುಸು ಎಳೆದು ಹಾಕುವ ಹೆಜ್ಜೆ, ಬ್ಯಾಂಕಿನಿಂದ ಸಂಜೆ ಬರುವಾಗ ಗೇಟಿನ ಹತ್ತಿರ ಕೇಳುತ್ತಿದ್ದದ್ದೇ. ಅವಳು ಅಳುತ್ತ, ನಗುತ್ತ ನಡೆದಳು. ಎದುರಿನಿಂದ ಬರುವ ಜನ ಅವಳನ್ನಷ್ಟೇ ನೋಡಿ ಬದಿಗೆ ಸರಿಯುತ್ತಿದ್ದರು. ಚಿತ್ರಪುಳ ಹೊಳೆಯ ಸೇತುವೆ ಮುಟ್ಟುವಷ್ಟರಲ್ಲಿ ಅವಳು ದಣಿದು ನಿಂತಳು. ಹೆಜ್ಜೆ ಸದ್ದೂ ನಿಂತಿತು. ಅವಳು ವೀಳ್ಯ, ಅಡಿಕೆ, ಅಕ್ಕಿಯನ್ನು ನೀರಿಗೆ ಬಿಟ್ಟು, ದಾಟಲು ಬಿಡು ತಾಯಿ ಎಂದು ಕೈಮುಗಿದಳು. ಮತ್ತೆ ನಡೆದಾಗ ಹಿಂದೆ ಸದ್ದು ಕೇಳಿತು, ಆದರೆ ಈಗ ಅದು ಒಬ್ಬರದಾಗಿರಲಿಲ್ಲ. ಬರಿಗಾಲು, ಮೆಟ್ಟು, ಊರುಗೋಲಿನ ಟಕಟಕ. ಬಲಿ ಮುಗಿಸಿ ಬರುವವರಿರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳದೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಸೇತುವೆ ಮುಗಿದಲ್ಲಿ ಒಂದು ಆಟೋ ಸಿಕ್ಕಿತು. ರೈಲಿಗೆ ಇಲ್ಲದ ಅಡ್ಡಿ ಆಟೋಕ್ಕೆ ಯಾಕೆ ಎಂದು ಹತ್ತಿ ಕೂತಳು. ಕಾಕ್ಕನಾಡಿನ ಏರಿನಲ್ಲಿ ಗಾಡಿ ಮುಕ್ಕರಿಯತೊಡಗಿತು. ಚಾಲಕ ಗೇರು ಬದಲಿಸಿ, ಬಗ್ಗಿ ಚಕ್ರ ನೋಡಿ, ಕೊನೆಗೆ ಕನ್ನಡಿಯಲ್ಲಿ ಅವಳ ಕಡೆ ನೋಡಿದ.

“ಒಬ್ಬರೇ ತಾನೆ ಚೇಚಿ ಹತ್ತಿದ್ದು?” ಎಂದು ಮಲಯಾಳದಲ್ಲಿ ಕೇಳಿದ. “ಕಲ್ಲು ಹೇರಿದ ಹಾಗೆ ಎಳೆಯುತ್ತಿದೆ.”

ಅವಳು ಮುಂದಿನ ಏರನ್ನೇ ನೋಡುತ್ತ ಕೂತಳು. ನಡೆದೇ ಹೋದರೆ ಬೇಗ ಮುಟ್ಟುತ್ತಿದ್ದಳೋ ಏನೋ, ಅಷ್ಟು ನಿಧಾನವಾಗಿ ಅವರು ಗುಡ್ಡ ಹತ್ತಿದರು.

ಹದಿನಾಲ್ಕನೆಯ ಮಾಳಿಗೆಯಲ್ಲಿ ನಿಶಾ ಎಲ್ಲ ಸಿದ್ಧ ಮಾಡಿಟ್ಟಿದ್ದಳು. ಕುಚ್ಚಲಕ್ಕಿ ಅನ್ನ, ಕರಿಬೇವು ಹಾಕಿದ ಬಂಗುಡೆ ಸಾರು, ಹೆಸರುಬೇಳೆ ಪಾಯಸ. ಸರೋಜ ಮಿಂದು ಬಂದು ಎಲೆ ಹಾಕಿ ಬಡಿಸಿದಳು, ಉದ್ದನೆಯ ಲೋಟದ ಕಂಠದವರೆಗೆ ನೀರು ತುಂಬಿಸಿದಳು. ಇಬ್ಬರೂ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಉದ್ದದ ಓಣಿ, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಎದುರಿಗೆ ಲಿಫ್ಟು.

“ಅಪ್ಪನನ್ನು ಕರಿ,” ಎಂದಳು ಸರೋಜ. “ಕನ್ನಡದಲ್ಲೇ ಕರಿ. ಚಿಕ್ಕವಳಿರುವಾಗ ಕರೀತಿದ್ದಿಯಲ್ಲ, ಹಾಗೆ.”

ಇಪ್ಪತ್ತಾರು ವರ್ಷದ ನಿಶಾಳ ಮುಖ ಕೆಂಪಾಯಿತು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಆಮೇಲೆ ಏನಾಯಿತೋ, ಒಂಬತ್ತು ವರ್ಷದ ಹುಡುಗಿಯ ದನಿ ಅವಳ ಗಂಟಲಿನಿಂದ ಹೊರಗೆ ಬಂತು. “ಅಪ್ಪಾ! ಊಟಕ್ಕೆ ಬಾ ಅಪ್ಪಾ!”

ಓಣಿಯುದ್ದಕ್ಕೂ ಆ ಕೂಗು ಹೋಗಿ ಮೆಟ್ಟಿಲಿನಲ್ಲಿ ಇಳಿಯಿತು. ಲಿಫ್ಟಿನ ಮೇಲಿನ ಅಂಕಿಗಳು ಮಿಣುಕಿದವು. ಹತ್ತು, ಹನ್ನೆರಡು, ಹದಿನಾಲ್ಕು. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಅವರಿಬ್ಬರ ನಡುವಿನಿಂದ ತಣ್ಣಗೆ ಒಂದು ಗಾಳಿ ಮನೆಯೊಳಗೆ ಹೋಯಿತು. ಸರೋಜ ಕ್ರಮದಂತೆ ಬಾಗಿಲೆಳೆದುಕೊಂಡು ಕಣ್ಣು ಮುಚ್ಚಿ ನಿಂತಳು. ಬಂದರು, ಬಂದೇಬಿಟ್ಟರು. ಅವಳ ಎದೆಯ ಮೇಲಿದ್ದ ಬಂಡೆ ಇಳಿದು ಹೋಯಿತು.

ಲಿಫ್ಟು ಕೆಳಗೆ ಹೋಯಿತು. ಮತ್ತೆ ಮೇಲೆ ಬಂತು. ಬಾಗಿಲು ತೆರೆಯಿತು. ಯಾರೂ ಇಲ್ಲ. ಮತ್ತೆ ತಣ್ಣನೆಯ ಗಾಳಿ, ಈಗ ಮುಚ್ಚಿದ ಬಾಗಿಲಿನ ಸಂದಿಯಿಂದ ಒಳಗೆ. ಮತ್ತೆ ಕೆಳಗೆ, ಮತ್ತೆ ಮೇಲೆ. ನಿಶಾ ಅಮ್ಮನ ಕೈ ಹಿಡಿದುಕೊಂಡಳು. ಮೂರು, ನಾಲ್ಕು, ಏಳು ಸಲ. ಆಮೇಲೆ ಇಬ್ಬರೂ ಎಣಿಸುವುದನ್ನು ಬಿಟ್ಟರು.

“ಅಮ್ಮ,” ಎಂದು ನಿಶಾ ಪಿಸುಗುಟ್ಟಿದಳು. ಭಯಕ್ಕೋ ಏನೋ, ಅದು ಕನ್ನಡದಲ್ಲೇ ಬಂತು. “ನೀನು ಅಲ್ಲಿ ಅಪ್ಪನ ಹೆಸರು ಹೇಳಿ ಕರೆದದ್ದಲ್ವಾ?”

ಸರೋಜ ಕಣ್ಣು ತೆರೆದಳು. ಹೆಸರು! ಮದುವೆಯಾದಾಗಿನಿಂದ ಒಂದು ದಿನವೂ ಅವಳು ಗಂಡನ ಹೆಸರು ಹೇಳಿ ಕರೆದವಳಲ್ಲ. ಹಾಗೆ ಕರೆಯುವ ಕ್ರಮ ಅವರಲ್ಲಿ ಇಲ್ಲ. ಹಳೆಯ ಮನೆಯ ಹೊಸ್ತಿಲಲ್ಲಿ ಅದರಿಂದ ಏನೂ ತೊಂದರೆಯಾಗಿರಲಿಲ್ಲ, ಅಲ್ಲಿ ಸತ್ತವರು ಒಬ್ಬರೇ. ಇವತ್ತು ಆ ಬಯಲಿನಲ್ಲಿ ಅವಳು ಬೆನ್ನು ಹಾಕಿ ನಿಂತು, ಯಾರ ಹೆಸರೂ ಹೇಳದೆ, ಹೊಳೆ ದಾಟಿ ಬನ್ನಿ, ಗುಡ್ಡ ಹತ್ತಿ ಬನ್ನಿ, ಹೊಟ್ಟೆ ತುಂಬ ನೀರು ಕೊಡುತ್ತೇನೆ ಎಂದಿದ್ದಳು. ವರ್ಷಗಟ್ಟಲೆ ಯಾರಾದರೂ ಒಂದು ದಾರಿ ಹೇಳಲಿ ಎಂದು ಕಾದು ನಿಂತವರೆಲ್ಲ ಅದನ್ನು ತಮಗೇ ಎಂದು ಕೇಳಿಸಿಕೊಂಡಿದ್ದರು. ಕನ್ನಡವಾದರೇನು, ನೀರಿನ ಕರೆ ಬಾಯಾರಿದವರಿಗೆ ತಿಳಿಯದೆ ಇರುತ್ತದೆಯೇ? ಮಗಳು ಕೂಗಿದ್ದೂ ಅಪ್ಪಾ ಎಂದು. ಅಲ್ಲಿ ನಿಂತವರಲ್ಲಿ ಯಾರು ಯಾರ ಅಪ್ಪನಾಗಿರಲಿಲ್ಲ?

ಅರ್ಧ ಗಂಟೆ ಕಳೆಯಿತು. ಅವಳು ಮೂರು ಸಲ ತಟ್ಟಿ ಬಾಗಿಲು ತೆರೆದಳು.

ಅನ್ನ, ಸಾರು, ಪಾಯಸ ಬಡಿಸಿದಂತೆಯೇ ಇದ್ದವು. ಬಾಳೆಲೆಯ ಅಂಚಿನಲ್ಲಿ ಐದು ಕರಿಬೇವಿನ ಎಲೆಗಳು ಸಾಲಾಗಿ ಕೂತಿದ್ದವು. ಲೋಟದಲ್ಲಿ ಒಂದು ಹನಿಯೂ ಇರಲಿಲ್ಲ. ಸ್ಕೇಲು ಹಿಡಿಯುವ ಅಗತ್ಯವೇ ಬೀಳಲಿಲ್ಲ. ಸರೋಜ ಎಲೆಯ ಮುಂದೆ ಕುಸಿದು ಕೂತು, ಆ ಐದು ಎಲೆಗಳ ಪಕ್ಕ ನೆಲಕ್ಕೆ ಹಣೆ ಹಚ್ಚಿದಳು. ಕುಡಿದರು, ಪೂರ್ತಿ ಕುಡಿದರು.

ಒಳಗಿನಿಂದ ನಿಶಾ ಕೂಗಿದಳು. ಅಡುಗೆಮನೆಯ ಕೊಡ ಖಾಲಿ. ಫಿಲ್ಟರು ಖಾಲಿ. ಫ್ರಿಜ್ಜಿನ ಬಾಗಿಲು ತೆರೆದರೆ ಆರು ಬಾಟಲಿ, ಆರಕ್ಕೂ ಮುಚ್ಚಳ ಬಿಗಿಯಾಗಿ ತಿರುಗಿಸಿದ ಹಾಗೆಯೇ ಇತ್ತು, ಒಳಗೆ ನೀರಿರಲಿಲ್ಲ. ಗಿಡಕ್ಕೆಂದು ಹಿಡಿದಿಟ್ಟ ಬಕೆಟ್ಟಿನ ತಳ ಒಣಗಿತ್ತು. ನೆಲದ ಮೇಲೆ, ಗೋಡೆಯ ಉದ್ದಕ್ಕೆ, ಸಾಲಾಗಿ ಕೂತೆದ್ದು ಹೋದ ಗುರುತಿನಂತೆ ಮಬ್ಬು ಮಬ್ಬಾದ ಧೂಳು.

ಹೊರಗೆ ಲಿಫ್ಟು ಗಂಟೆ ಬಾರಿಸಿತು. ಬಾಗಿಲು ತೆರೆದು ಮುಚ್ಚುವ ಸದ್ದು ಕೇಳಿತು.

“ಇನ್ನೂ ಬರ್ತಾ ಇದ್ದಾರೆ ಅಮ್ಮ,” ಎಂದಳು ನಿಶಾ. “ಬಾಗಿಲು ಹಾಕ್ಲಾ?”

ಸರೋಜ ಎದ್ದು ಸೆರಗು ಸಿಕ್ಕಿಸಿದಳು. ಕೊಡವನ್ನು ನಲ್ಲಿಯ ಕೆಳಗಿಟ್ಟು ತಿರುಗಿಸಿದಳು. ಹೆದರಿಕೆ ಅವಳಿಗೂ ಇತ್ತು. ಆದರೂ ಅವಳು ಕೊಡ ತುಂಬುವುದನ್ನೇ ನೋಡುತ್ತ ನಿಂತಳು.

“ಬೇಡ, ತೆರೆದೇ ಇಡು,” ಎಂದಳು. “ಬಾಯಾರಿ ಬಂದವರಿಗೆ ನೀರಿಲ್ಲ ಅಂತ ನಾನು ಇನ್ನೊಮ್ಮೆ ಹೇಳುದಿಲ್ಲ.”